ಮಗುವಿನ ಅನ್ನವೂ ತಾಯಿಯ ಕ್ಷೇಮವೂ

ಗಂಡನ ಹೊಡೆತವನ್ನು ತಾಳಲಾರದೆ ಕೂಸನ್ನೆತ್ತಿಕೊಂಡು ತವರಿಗೆ ಬಂದ ಸ್ತ್ರೀಯರು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಸಭೆಗಳಲ್ಲಿಯೂ ಇದ್ದಾರೆ. ಅಂಥವಳಿಗೆ ನೆರೆಹೊರೆಯವರು ಹೇಳುವ ಮೊದಲನೆಯ ಬುದ್ಧಿ ಯಾವದಂದರೆ, "ಅವನ ಬಳಿಗೆ ಹೋಗಿ ಮಗುವಿನ ಖರ್ಚನ್ನಾದರೂ ಕೇಳು" ಎಂಬದೇ. ಕೇಳುವದು ನ್ಯಾಯವೇ, ಆದರೆ ಕೇಳುವ ವಿಧವನ್ನರಿಯದೆ ಹೋದರೆ ಪ್ರಾಣಕ್ಕೆ ಅಪಾಯವುಂಟು. ಯಾಕಂದರೆ ಹೊಡೆದು ಆಳಿದವನು, ಹೆಂಡತಿಯು ತನ್ನ ಕೈ ತಪ್ಪಿದಳೆಂದು ತಿಳಿದಾಗಲೇ ಹೆಚ್ಚು ಕ್ರೂರನಾಗುವದುಂಟು. ಆದಕಾರಣ ಈ ಪಾಠದಲ್ಲಿ ಒಂದೇ ಮಾತನ್ನು ವಿವರಿಸುತ್ತೇವೆ: ತಾಯಿಯು ಅವನೆದುರಿಗೆ ನಿಂತು ಹಣ ಕೇಳುವದು ಬೇಡ, ಅವಳಿಗಾಗಿ ನ್ಯಾಯಾಲಯವು ಕೇಳಲಿ, ಕೇಳುವದಕ್ಕೆ ಮೊದಲೇ ಅವಳ ಕ್ಷೇಮದ ಏರ್ಪಾಡಾಗಲಿ.

೧. ಬಿಟ್ಟು ಬರುವದು ತಪ್ಪೋ?

ಓಡಿಹೋಗುವದು ನಂಬಿಕೆಯ ಕೊರತೆ ಎಂದು ಕೆಲವರು ಅವಳ ಮನಸ್ಸನ್ನು ನೋಯಿಸುತ್ತಾರೆ. ಹೆರೋದನು ಕೂಸನ್ನು ಕೊಲ್ಲಬೇಕೆಂದಿದ್ದಾಗ ಯೋಸೇಫನು ಕೂಸನ್ನೂ ಅದರ ತಾಯಿಯನ್ನೂ ಕರಕೊಂಡು ರಾತ್ರಿಯಲ್ಲಿಯೇ ಐಗುಪ್ತಕ್ಕೆ ಹೊರಟನಲ್ಲವೇ? ಅವನನ್ನು ಯಾರೂ ಹಳಿಯಲಿಲ್ಲ. ನಮ್ಮ ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿಯೂ ಮಗಳು ಮಕ್ಕಳೊಡನೆ ತಾಯಿಮನೆಯಲ್ಲಿರುವದು ರೂಢಿಯಾಗಿತ್ತೇ ಹೊರತು ಅವಮಾನವಾಗಿರಲಿಲ್ಲ. ತನ್ನ ಮನೆಯವರನ್ನು ಸಂರಕ್ಷಿಸದವನನ್ನೇ ಅಪೊಸ್ತಲನು ಕಠಿಣವಾಗಿ ಗದರಿಸಿದ್ದಾನೆ, ಆಶ್ರಯ ಹುಡುಕಿದವಳನ್ನಲ್ಲ.

೨. ಕೇಳುವದಕ್ಕೆ ಮೊದಲು

ಮದುವೆಯ ದಾಖಲೆಯ ಪ್ರತಿ, ಮಗುವಿನ ಜನನಪತ್ರ, ಆಧಾರ್, ರೇಷನ್ ಕಾರ್ಡು, ಬೇಂಕಿನ ಪುಸ್ತಕ, ಗಾಯಕ್ಕೆ ಮದ್ದು ಮಾಡಿದ ವೈದ್ಯರ ಚೀಟಿ, ಇವುಗಳನ್ನು ನಂಬಿಗಸ್ತರಾದ ಒಬ್ಬರ ಮನೆಯಲ್ಲಿ ಇಡಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು. ಮೊಬೈಲಿನ ಗುಪ್ತಪದವನ್ನು ಬದಲಾಯಿಸಬೇಕು. ಇರುವ ಸ್ಥಳವನ್ನು ತೋರಿಸುವ ವ್ಯವಸ್ಥೆಯನ್ನು ಮುಚ್ಚಬೇಕು. ಆ ಮೊಬೈಲನ್ನು ಅವನು ನೋಡುವಂತಿದ್ದರೆ ಈ ಮಾತುಗಳನ್ನು ಬೇರೊಬ್ಬರ ಮೊಬೈಲಿನಲ್ಲಿ ಆಡುವದು ಒಳ್ಳೇದು. ಅಪಾಯ ಬಂದಾಗ ೧೧೨ಕ್ಕೂ, ಸ್ತ್ರೀಯರ ಸಹಾಯಕ್ಕೆ ೧೮೧ಕ್ಕೂ, ಮಗುವಿನ ವಿಷಯದಲ್ಲಿ ೧೦೯೮ಕ್ಕೂ ಕರೆಮಾಡಬಹುದು.

೩. ಕಾನೂನಿನ ದಾರಿ

ದಾರಿಗಳು ಎರಡು, ಎರಡೂ ಎಲ್ಲಾ ಮತದವರಿಗೆ ಸಲ್ಲುತ್ತವೆ. ಒಂದನೆಯದು, ೨೦೨೪ನೇ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೇ ಕಲಮು. ಮೊದಲು ಇದು ದಂಡಪ್ರಕ್ರಿಯಾ ಸಂಹಿತೆಯ ೧೨೫ನೇ ಕಲಮಾಗಿತ್ತು. ಹೆಂಡತಿಗೂ ಮಗುವಿಗೂ ಜೀವನಾಂಶ ಕೊಡಿಸುವದು ಇದರ ಕೆಲಸ. ಮಗುವು ವಿವಾಹದಿಂದ ಹುಟ್ಟಿದ್ದಲ್ಲವಾದರೂ ಅದರ ಹಕ್ಕು ಕೆಡುವದಿಲ್ಲ.

ಎರಡನೆಯದು, ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಹೊಡೆತದ ಭಯವಿದ್ದವಳಿಗೆ ಇದೇ ಹೆಚ್ಚು ಪ್ರಯೋಜನ. ಹೇಗಂದರೆ, ಒಂದೇ ಅರ್ಜಿಯಲ್ಲಿ ಮಗುವಿನ ಖರ್ಚನ್ನೂ ರಕ್ಷಣೆಯ ಆಜ್ಞೆಯನ್ನೂ ಕೇಳಬಹುದು. ಅವನು ಅವಳ ಬಳಿಗೂ ಮಗುವಿನ ಶಾಲೆಗೂ ಬರಬಾರದೆಂದೂ, ಮಾತಾಡಿಸಬಾರದೆಂದೂ ಮ್ಯಾಜಿಸ್ಟ್ರೇಟರು ಅಪ್ಪಣೆಕೊಡಬಲ್ಲರು. ಅಗತ್ಯ ಕಂಡರೆ ಅವನು ಬರುವ ಮುಂಚೆಯೇ ತಾತ್ಕಾಲಿಕ ಆಜ್ಞೆಯನ್ನು ಹೊರಡಿಸಬಲ್ಲರು. ಅವಳು ಸ್ವಲ್ಪ ಕಾಲ ತಂಗಿರುವ ಊರಿನ ನ್ಯಾಯಾಲಯದಲ್ಲಿಯೂ ಅರ್ಜಿ ಹಾಕಬಹುದು. ರಕ್ಷಣೆಯ ಆಜ್ಞೆಯನ್ನು ಮೀರಿದವನಿಗೆ ಒಂದು ವರುಷದ ವರೆಗೆ ಸೆರೆ, ಇಲ್ಲವೆ ೨೦,೦೦೦ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಿಂಜರಿಯಬಾರದು. ೧೯೮೭ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ, ವರಮಾನವೆಷ್ಟಿದ್ದರೂ, ವಕೀಲರ ಸಹಾಯವು ಧರ್ಮಾರ್ಥವಾಗಿ ದೊರೆಯುತ್ತದೆ. ಕುಂದಾಪುರದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ೧೫೧೦೦ಕ್ಕೆ ಕರೆಮಾಡಿಯೂ ಕೇಳಬಹುದು. ತಾನಿರುವ ಮನೆಯ ವಿಳಾಸವು ಅವನಿಗೆ ತಿಳಿಯಬಾರದೆಂದಿದ್ದರೆ, ಅರ್ಜಿಯನ್ನು ಬರೆಯುವ ಮೊದಲೇ ಆ ಸಂಗತಿಯನ್ನು ವಕೀಲರಿಗೆ ತಿಳಿಸಬೇಕು. ಬರೆದಾದ ಮೇಲೆ ಮುಚ್ಚುವದು ಕಷ್ಟ. ವಿಚಾರಣೆಯ ದಿನ ಜೊತೆಗೊಬ್ಬರು ಹೋಗಬೇಕು, ಹಿಂತಿರುಗುವಾಗಲೂ ಜೊತೆಗಿರಬೇಕು.

೪. ಹಣವು ಬರುವ ಬಗೆ

ನಮ್ಮ ಸೀಮೆಯ ಅನೇಕರು ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುತ್ತಾರೆ. "ನನಗೇನೂ ಸಂಪಾದನೆಯಿಲ್ಲ" ಎಂದು ಹೇಳಿ ತಪ್ಪಿಸಿಕೊಳ್ಳುವವರುಂಟು. ಆದರೆ ೨೦೨೦ರ ನವೆಂಬರ್ ೪ರಂದು ಸುಪ್ರೀಂ ಕೋರ್ಟು ರಜನೀಶ್ ಮತ್ತು ನೇಹಾ ಎಂಬವರ ಪ್ರಕರಣದಲ್ಲಿ, ಇಬ್ಬರೂ ತಮ್ಮ ಆಸ್ತಿಯನ್ನೂ ಸಾಲವನ್ನೂ ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕೆಂದೂ, ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ವಿಧಿಸಿತು. ೨೦೦೫ರ ಕಾಯಿದೆಯ ಮೇರೆಗೆ, ಅವನು ಕೊಡದೆಹೋದರೆ, ಅವನ ಯಜಮಾನನು ಸಂಬಳದಿಂದ ಹಿಡಿದು ನೇರವಾಗಿ ಅವಳಿಗೆ ಸಲ್ಲಿಸುವಂತೆ ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದು. ಹಣವು ಬೇಂಕಿಗೆ ಬರಲಿ. ಅದಕ್ಕಾಗಿ ಅವನ ಬಾಗಿಲಿಗೆ ಹೋಗುವದು ಬೇಡ, ಅವನು ಹಣದ ನೆವದಿಂದ ಅವಳ ಬಾಗಿಲಿಗೆ ಬರುವದೂ ಬೇಡ. ಮಗುವನ್ನು ನೋಡುವ ವಿಷಯವೂ ನ್ಯಾಯಾಲಯದ ಮಾತಿನಂತೆ ನಡೆಯಲಿ. ಮಗುವಿಗೆ ಕೇಡಾಗುವಂತಿದ್ದರೆ ಆ ಭೇಟಿಯನ್ನು ಮ್ಯಾಜಿಸ್ಟ್ರೇಟರು ನಿರಾಕರಿಸಬಲ್ಲರು.

೫. ಸಭೆಯ ಹಿರಿಯರಿಗೆ

ನಾವು ಉಪದೇಶಿಯ ಕೆಲಸಕ್ಕೆ ಹೊಸಬರಾಗಿದ್ದಾಗ ಇಂಥ ಇಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಸಮಾಧಾನ ಮಾಡಿದೆವು. ಅವನು ತಲೆಬಾಗಿಸಿ, ತಿಂಗಳು ತಿಂಗಳು ಹಣ ಕೊಡುವೆನೆಂದನು. ನಾವು ಪ್ರಾರ್ಥಿಸಿ ಸಂತೋಷದಿಂದ ಮನೆಗೆ ಹೋದೆವು. ಅದೇ ಸಂಜೆ ಗದ್ದೆಯ ಹುಣಿಯಲ್ಲಿ ಅವನು ಅವಳನ್ನು ತಡೆದು ಹೊಡೆದನು. ಅವಳು ಯಾವ ದಾರಿಯಾಗಿ ಬರುವಳೆಂಬದನ್ನು ಅವನಿಗೆ ತಿಳಿಯಪಡಿಸಿದವರು ನಾವೇ. ಈ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂದೇ ಇದನ್ನು ಬರೆಯುತ್ತೇವೆ. ಹಿರಿಯರೇ, ಕ್ಷಮಿಸುವದು ಬೇರೆ, ಹೊಡೆತದ ಕೆಳಗೆ ಹಿಂದಕ್ಕೆ ಕಳುಹಿಸುವದು ಬೇರೆ. ಅವಳಿರುವ ಸ್ಥಳವನ್ನು ಯಾರು ಕೇಳಿದರೂ ಹೇಳಬೇಡಿರಿ. ಸಮಾಧಾನಕ್ಕೆ ಕರೆಯುವದಕ್ಕಿಂತ, ಅವಳ ಜೊತೆಗೆ ನ್ಯಾಯಾಲಯದ ಮೆಟ್ಟಲನ್ನು ಹತ್ತಿರಿ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು: (೧) ತಾಯಿಯು ತಾನೇ ಹೋಗಿ ಹಣ ಕೇಳುವದರಲ್ಲಿ ಅಪಾಯವೇನು? (೨) ಒಂದೇ ಅರ್ಜಿಯಲ್ಲಿ ಏನೇನು ಕೇಳಬಹುದು? (೩) ನಮ್ಮ ಸಭೆಯಲ್ಲಿ ಇಂಥವಳ ಕಾಗದಗಳನ್ನು ಜೋಪಾನವಾಗಿಡುವವರು ಯಾರು? ಅವಳ ಸಂಗಡ ಕುಂದಾಪುರಕ್ಕೆ ಹೋಗುವವರು ಯಾರು?