ಮರಗೆಣಸಿನ ಸಯನೈಡ್ ವಿಷ: ತುರ್ತು ಚಿಕಿತ್ಸೆ

ಕಾಸರಗೋಡಿನ ಮನೆಗಳಲ್ಲಿ ಬೇಯುವ ಮರಗೆಣಸಿನಲ್ಲಿ ಲಿನಾಮರಿನ್ ಎಂಬ ಸಂಯುಕ್ತವಿದೆ. ಹಸಿ ಗೆಡ್ಡೆ ಜಜ್ಜಿದಾಗ ಅದರಿಂದ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಕಹಿ ತಳಿಗಳಲ್ಲಿ ಇದು ಹೆಚ್ಚು. ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲುವ ಅಡುಗೆಮನೆಯ ರೂಢಿ ನಿಜಕ್ಕೂ ಪ್ರಾಣರಕ್ಷಕ.

ಸಯನೈಡ್ ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶ ಅದನ್ನು ಬಳಸಲಾರದು. ತಲೆಸುತ್ತು, ವಾಂತಿ, ಏದುಸಿರು, ಸೆಳವು ಇದರ ಲಕ್ಷಣಗಳು. ಪರೀಕ್ಷಾ ವರದಿಗೆ ಕಾಯದೆ ಶೇ. 100 ಆಮ್ಲಜನಕ ಕೊಡಬೇಕು. ವಯಸ್ಕರಿಗೆ 5 ಗ್ರಾಂ ಹೈಡ್ರಾಕ್ಸೊಕೊಬಾಲಮಿನ್ ಅನ್ನು 15 ನಿಮಿಷಗಳಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ; ಅದು ಸಯನೈಡನ್ನು ಹಿಡಿದು ಸಯನೊಕೊಬಾಲಮಿನ್ ಆಗಿ ಮೂತ್ರದಲ್ಲಿ ಹೋಗುತ್ತದೆ, ಮೂತ್ರ ಕೆಂಪಾಗುತ್ತದೆ. ಅದು ಸಿಗದಿದ್ದರೆ ಸೋಡಿಯಂ ನೈಟ್ರೈಟ್, ಬಳಿಕ 12.5 ಗ್ರಾಂ ಸೋಡಿಯಂ ಥಯೋಸಲ್ಫೇಟ್.