ಕಂಪೈಲರ್‌ಗೆ ಗೊತ್ತು, ಪ್ರೊಸೆಸರ್‌ಗೆ ಗೊತ್ತಾ?

ಗ್ರಾಫಿಕ್ಸ್ ಪ್ರಾಜೆಕ್ಟ್ ಮಾಡುವಾಗ ಯಾರಾದರೊಬ್ಬರು ಹೇಳೇ ಹೇಳ್ತಾರೆ: ಜಿಸಿಸಿಗೆ ‘ಮಾರ್ಚ್ ನೇಟಿವ್’ ಫ್ಲ್ಯಾಗ್ ಕೊಡು, ಸ್ಪೀಡ್ ಬರುತ್ತೆ. ಬರುತ್ತೆ, ನಿಜ. ಆದರೆ ಅದೇ ಬೈನರಿಯನ್ನು ಡೆಮೊ ದಿನ ಲ್ಯಾಬಿನ ಹಳೇ ಮಷೀನಿನಲ್ಲಿ ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಒಂದೇ ಸಾಲು ಬಂದು ಎಲ್ಲ ನಿಂತುಹೋಗಬಹುದು. ಲಾಜಿಕ್ ಸರಿಯಾಗೇ ಇದೆ. ‘ನೇಟಿವ್’ ಅಂದ್ರೆ ಕಂಪೈಲ್ ಮಾಡಿದ ಮಷೀನು, ಓಡಿಸುವ ಮಷೀನಲ್ಲ, ಅಷ್ಟೇ.

ನಮ್ಮ ಇಮೇಜಿನ ಒಂದು ಪಿಕ್ಸೆಲ್ 32 ಬಿಟ್ ಅಂದುಕೊಳ್ಳೋಣ. ಎಸ್‌ಎಸ್‌ಇ2ರ 128 ಬಿಟ್ ರಿಜಿಸ್ಟರಿನಲ್ಲಿ ನಾಲ್ಕು ಪಿಕ್ಸೆಲ್ ಹಿಡಿಯುತ್ತೆ, ಎವಿಎಕ್ಸ್2ರ 256 ಬಿಟ್‌ನಲ್ಲಿ ಎಂಟು. 64 ಬಿಟ್ ಇಂಟೆಲ್, ಎಎಂಡಿ ಪ್ರೊಸೆಸರ್ ಎಲ್ಲದರಲ್ಲೂ ಎಸ್‌ಎಸ್‌ಇ2 ಇದ್ದೇ ಇರುತ್ತೆ, ಕೇಳಬೇಕಾಗಿಲ್ಲ. ಎವಿಎಕ್ಸ್2 ಹಾಗಲ್ಲ. ಇಂಟೆಲ್‌ನಲ್ಲಿ ಅದು 2013ರ ಹ್ಯಾಸ್ವೆಲ್ ಜೊತೆ ಬಂತು. ಆಮೇಲೆ ಬಂದ ಕೆಲವು ಪೆಂಟಿಯಂ, ಸೆಲೆರಾನ್‌ಗಳಲ್ಲೂ ಇಲ್ಲ. ವರ್ಷ ನೋಡಿ ಊಹಿಸೋ ಹಾಗಿಲ್ಲ.

ಎವಿಎಕ್ಸ್2 ಮ್ಯಾಕ್ರೋವನ್ನು ಇಫ್‌ಡೆಫ್‌ನಲ್ಲಿ ನೋಡಿದರೆ ಸಾಲದಾ? ಸಾಲದು. ಆ ಮ್ಯಾಕ್ರೋ ಹೇಳೋದು ನಾವು ಕಂಪೈಲರ್‌ಗೆ ಏನು ಅನುಮತಿ ಕೊಟ್ಟಿದ್ದೇವೆ ಅನ್ನೋದನ್ನ ಮಾತ್ರ. ಸಿಮೇಕ್‌ನಲ್ಲಿ ಸಣ್ಣ ತುಣುಕನ್ನು ಕಂಪೈಲ್ ಮಾಡಿ ನೋಡುವ ಟೆಸ್ಟ್ ಕೂಡ ಕಂಪೈಲರನ್ನೇ ಪರೀಕ್ಷಿಸುತ್ತೆ. ಮ್ಯಾಕ್‌ನ ಯೂನಿವರ್ಸಲ್ ಬೈನರಿಯಲ್ಲಂತೂ ಒಂದೇ ಬಿಲ್ಡ್‌ನಲ್ಲಿ ಇಂಟೆಲ್, ಆರ್ಮ್ ಎರಡೂ ಇರುತ್ತವೆ. ಅಲ್ಲಿ ಸಿಮೇಕ್ ಯಾವ ಪ್ರೊಸೆಸರ್ ಅಂತ ಒಂದೇ ಉತ್ತರ ಕೊಟ್ಟರೆ ಅರ್ಧ ತಪ್ಪು. ಹಾಗಾಗಿ ಆರ್ಕಿಟೆಕ್ಚರ್ ಯಾವುದು ಅನ್ನೋದನ್ನ ಸೋರ್ಸಿನಲ್ಲೇ ಮ್ಯಾಕ್ರೋದಿಂದ ತಿಳಿಯೋಣ. ಆ ಕೆಲಸಕ್ಕೆ ಮ್ಯಾಕ್ರೋ ಸರಿ.

ಫೀಚರ್ ಇದೆಯಾ ಅಂತ ಕೇಳೋದು ಮಾತ್ರ ಪ್ರೋಗ್ರಾಂ ಶುರುವಾದ ಮೇಲೆ. ಇಂಟೆಲ್, ಎಎಂಡಿಯಲ್ಲಿ ಸಿಪಿಯುಐಡಿ ಅನ್ನೋ ಇನ್‌ಸ್ಟ್ರಕ್ಷನ್ ಇದಕ್ಕಂತಲೇ ಇದೆ. ಪ್ರೊಸೆಸರ್ ಹೂಂ ಅಂದರೂ ಸಾಕಾಗಲ್ಲ: ಆ ದೊಡ್ಡ ರಿಜಿಸ್ಟರ್‌ಗಳನ್ನು ಆಪರೇಟಿಂಗ್ ಸಿಸ್ಟಂ ಸೇವ್ ಮಾಡುತ್ತಾ ಅಂತ ಎಕ್ಸ್‌ಗೆಟ್‌ಬಿವಿಯಿಂದ ನೋಡಬೇಕು. ಜಿಸಿಸಿಯ ‘ಬಿಲ್ಟಿನ್ ಸಿಪಿಯು ಸಪೋರ್ಟ್ಸ್’ ಎರಡನ್ನೂ ನೋಡಿಕೊಳ್ಳುತ್ತೆ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ನಾವೇ ಬರೀಬಹುದು, ಹತ್ತಿಪ್ಪತ್ತು ಸಾಲು. ಉತ್ತರ ಬಂದ ಮೇಲೆ ಒಂದು ಫಂಕ್ಷನ್ ಪಾಯಿಂಟರನ್ನು ಸರಿಯಾದ ಆವೃತ್ತಿಗೆ ತಿರುಗಿಸಿ ಇಟ್ಟರಾಯ್ತು. ಪ್ರತಿ ಪಿಕ್ಸೆಲ್‌ಗೂ ಕೇಳೋದು ಬೇಡ.

ಎವಿಎಕ್ಸ್2 ಫ್ಲ್ಯಾಗನ್ನು ಆ ಒಂದು ಸೋರ್ಸ್ ಫೈಲಿಗೆ ಮಾತ್ರ ಕೊಡಬೇಕು. ಇಡೀ ಪ್ರಾಜೆಕ್ಟಿಗೆ ಕೊಟ್ಟರೆ ಪರೀಕ್ಷೆ ಮಾಡುವ ಮೊದಲೇ ಮೇನ್‌ನಲ್ಲೇ ಕ್ರ್ಯಾಶ್ ಆಗಬಹುದು. ಇನ್ನೂ ಒಂದು ಕಳ್ಳದಾರಿ ಇದೆ: ಹೆಡರಿನ ಇನ್‌ಲೈನ್ ಫಂಕ್ಷನ್ ಎರಡು ಫೈಲುಗಳಲ್ಲಿ ಎರಡು ಫ್ಲ್ಯಾಗಿನಿಂದ ಕಂಪೈಲ್ ಆದರೆ ಲಿಂಕರ್ ಒಂದನ್ನೇ ಉಳಿಸಿಕೊಳ್ಳುತ್ತೆ, ಅದು ಎವಿಎಕ್ಸ್2 ಪ್ರತಿಯೇ ಆಗಿರಬಹುದು. ಅಂಥ ಹೆಲ್ಪರ್‌ಗಳನ್ನು ಸ್ಟ್ಯಾಟಿಕ್ ಮಾಡಿ ಆ ಫೈಲಿನೊಳಗೇ ಇಟ್ಟುಕೊಳ್ಳೋಣ.