ವೀಕೆಂಡ್‌ನಲ್ಲಿ ಹಳೇ ಲಿಸ್ಬನ್: ಆರು ಸೂತ್ರಗಳು

ಓನ್‌ಸೈಟ್ ಕೆಲಸಕ್ಕೋ ಎಂ.ಎಸ್. ಓದೋಕೋ ಯುರೋಪಿಗೆ ಹೋಗಿದ್ದೀರಾ? ಒಂದು ಶನಿವಾರ, ಭಾನುವಾರ ಲಿಸ್ಬನ್‌ಗೆ ಕೊಡಿ. ‘ಎರಡು ದಿನದಲ್ಲಿ ಏನು ನೋಡೋಕಾಗುತ್ತೆ’ ಅನ್ನೋ ಅನುಮಾನ ಕೆಟ್ಟ ಅಭ್ಯಾಸ, ಬಿಟ್ಟುಬಿಡಿ.

1. ಒಂದೇ ಇಸವಿ ನೆನಪಿಡಿ: 1755
ಆ ವರ್ಷ ನವೆಂಬರ್ 1ರ ಬೆಳಿಗ್ಗೆ, ಜನ ಹಬ್ಬದ ಪ್ರಾರ್ಥನೆಗೆಂದು ಚರ್ಚುಗಳಲ್ಲಿ ಸೇರಿದ್ದಾಗ ಭೂಮಿ ನಡುಗಿತು. ಹಿಂದೆಯೇ ಸುನಾಮಿ, ಆಮೇಲೆ ದಿನಗಟ್ಟಲೆ ಬೆಂಕಿ. ಯಾವ ಬೀದಿಗೆ ಕಾಲಿಟ್ಟರೂ ಕೇಳಿಕೊಳ್ಳಿ: ಇದು ಭೂಕಂಪಕ್ಕೆ ಮುಂಚಿನದಾ, ನಂತರದ್ದಾ? ಗೈಡ್‌ಬುಕ್ ಉರು ಹೊಡೆಯುವುದಕ್ಕಿಂತ ಈ ಪ್ರಶ್ನೆ ಹೆಚ್ಚು ಕಲಿಸುತ್ತದೆ.

2. ಬೈಶಾದಿಂದ ಶುರು ಮಾಡಿ
ನದಿ ದಡದ ಈ ಪೇಟೆ ಪೂರ್ತಿ ‘ನಂತರದ್ದು’. ಮಂತ್ರಿ ಪೊಂಬಾಲ್ ಹಳೆಯ ಗಲ್ಲಿಗಳನ್ನು ಅಳಿಸಿ, ಸ್ಕೇಲ್ ಇಟ್ಟು ಗೆರೆ ಎಳೆದಂತೆ ಬೀದಿ ಹಾಕಿಸಿದ. ಚಿನ್ನದವರಿಗೊಂದು, ಬೆಳ್ಳಿಯವರಿಗೊಂದು, ಚಮ್ಮಾರರಿಗೊಂದು ಬೀದಿ. ಬೋರ್ಡುಗಳಲ್ಲಿ ಆ ಹೆಸರುಗಳು ಈಗಲೂ ಇವೆ. ಸಿವಿಲ್ ಎಂಜಿನಿಯರಿಂಗ್ ಓದುವವರು ಇಲ್ಲಿ ಅರ್ಧ ಗಂಟೆ ಹೆಚ್ಚೇ ನಿಲ್ಲಿ. ಸಾದಾ ಕಾಣುವ ಈ ಗೋಡೆಗಳ ಒಳಗೆ ಅಡ್ಡ, ಉದ್ದ, ಓರೆಯಾಗಿ ಮರದ ತೊಲೆ ಹೆಣೆದ ಪಂಜರವಿದೆ. ಭೂಮಿ ಅಲುಗಿದರೆ ಮರ ಬಾಗುತ್ತದೆ, ಕಟ್ಟಡ ಒಮ್ಮೆಗೇ ಕುಸಿಯುವುದಿಲ್ಲ. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರಿಂದ ಧಪಧಪ ಹೆಜ್ಜೆ ಹಾಕಿಸಿ ಟೆಸ್ಟ್ ಮಾಡಿದರಂತೆ. ಲ್ಯಾಬ್ ಇಲ್ಲ ಅಂತ ಅವರು ಕೈಕಟ್ಟಿ ಕೂರಲಿಲ್ಲ.

3. ಅಲ್ಫಾಮಾದಲ್ಲಿ ಮ್ಯಾಪ್ ಆಫ್ ಮಾಡಿ
ಕೋಟೆಯ ಕೆಳಗಿನ ಈ ಇಳಿಜಾರು ಭೂಕಂಪಕ್ಕೆ ಹೆಚ್ಚು ಜಗ್ಗಲಿಲ್ಲ. 1147ರಲ್ಲಿ ಪೋರ್ಚುಗಲ್ ದೊರೆ ಅಫೊನ್ಸೊ ಎನ್ರಿಕೆಸ್ ಊರು ಗೆಲ್ಲುವ ಮೊದಲು ಇಲ್ಲಿದ್ದ ಮುಸ್ಲಿಮರ ಕಾಲದ ಗಲ್ಲಿಗಳ ಸುತ್ತುಬಳಸು ಹಾಗೇ ಉಳಿದಿದೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ತಲೆ ಮೇಲೆ ಒಣಹಾಕಿದ ಬಟ್ಟೆ, ಮೂಲೆಯಲ್ಲಿ ಸಾರ್ಡೀನ್ ಮೀನು ಸುಡುವ ಹೊಗೆ. ಜಿಪಿಎಸ್ ಇಲ್ಲಿ ಗೊಂದಲ ಮಾಡುತ್ತದೆ, ಇಳಿಜಾರು ಮಾಡುವುದಿಲ್ಲ: ಹತ್ತಿದರೆ ಕೋಟೆ, ಇಳಿದರೆ ನದಿ. ಪೋರ್ಟಾಸ್ ದೊ ಸೋಲ್ ಕಟ್ಟೆಯಿಂದ ಇಳಿಯುತ್ತಾ ಬನ್ನಿ, ಮಂಡಿಗೂ ಸುಖ.

4. ಹಿಡಿತ ಇರುವ ಶೂ ಹಾಕಿ
ಫುಟ್‌ಪಾತಿನ ಸುಣ್ಣಕಲ್ಲು ಸವೆದು ನುಣುಪಾಗಿದೆ. ಮಳೆ ಬಂದರೆ ಜಾರುವುದು ಗ್ಯಾರಂಟಿ.

5. 28ನೇ ನಂಬರ್ ಟ್ರಾಮ್ ಬೆಳಿಗ್ಗೆ ಬೇಗ ಹಿಡಿಯಿರಿ
ತಡವಾದರೆ ಉಸಿರಾಡೋಕೂ ಜಾಗವಿಲ್ಲ, ಜೇಬುಗಳ್ಳರಿಗೆ ಸುಗ್ಗಿ. ಪರ್ಸು ಮುಂದಿನ ಜೇಬಿನಲ್ಲಿರಲಿ. ಸೀಟು ಸಿಗಲಿಲ್ಲವಾ? ಹಳಿ ಹಿಡಿದು ನಡೆಯಿರಿ, ನಷ್ಟವೇನಿಲ್ಲ.

6. ಬೆಲೇಂಗೆ ಅರ್ಧ ದಿನ ಎತ್ತಿಡಿ
ಊರಿನ ಪಶ್ಚಿಮಕ್ಕಿರುವ ಜೆರೋನಿಮೋಸ್ ಮಠದ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿಯಿದೆ. 1501ರ ಹೊತ್ತಿಗೆ ಶುರುವಾದ ಈ ಕಟ್ಟಡಕ್ಕೆ ದುಡ್ಡು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲಿನ ಸುಂಕದಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದದ್ದು ಗೊತ್ತಲ್ಲ? ನಮ್ಮ ಕರಾವಳಿಯ ಮೆಣಸು ಲಾಭವಾಗಿ ಬಂದು ಬಿದ್ದ ಊರು ಇದು. ಕೆತ್ತನೆಯ ಕಂಬಗಳನ್ನು ಆ ಲೆಕ್ಕದಲ್ಲೇ ನೋಡಿ. ಸೋಮವಾರ ಬಾಗಿಲು ಹಾಕಿರುತ್ತದೆ. ಹತ್ತಿರದಲ್ಲೇ 1837ರಿಂದ ಕಸ್ಟರ್ಡ್ ಟಾರ್ಟ್ ಮಾರುವ ಅಂಗಡಿ; ಹೊರಗಿನ ಕ್ಯೂ ನೋಡಿ ವಾಪಸ್ ಬರಬೇಡಿ, ಒಳಗೆ ಟೇಬಲ್ ಬೇಕಾದಷ್ಟಿವೆ. ಸಸ್ಯಾಹಾರಿಗಳೇ, ಅದರಲ್ಲಿ ಮೊಟ್ಟೆ ಇರುತ್ತೆ.